ಏಳು ಗಂಟೆಯ ಹಾರಾಟ

ಕನ್ನಡಕದ ಅಂಗಡಿ ಇಟ್ಟಿದ್ದ ಅಳಿಯನಿಗೆ ಅತ್ತೆಯೆಂದರೆ ಬಹಳ ಗೌರವ; ಅವರು ತಮ್ಮೂರಿನಲ್ಲಿದ್ದಾಗ. ಆಕೆ ಜೀವಮಾನವಿಡೀ ಮಕ್ಕಳಿಗೆ ಈಜು ಕಲಿಸಿ ನಿವೃತ್ತರಾದವರು. ಕಳೆದ ಸಲ ರೈಲಿನಲ್ಲಿ ಬಂದಿಳಿದಾಗ ಮನೆಮಂದಿಯನ್ನೆಲ್ಲ ನಸುಕಿನಲ್ಲೇ ಎಬ್ಬಿಸಿ ಕೈಕಾಲು ಆಡಿಸಿದ್ದಲ್ಲದೆ, ಅಂಗಡಿಗೂ ನುಗ್ಗಿ ಫ್ರೇಮುಗಳನ್ನೆಲ್ಲ ಚೆಂದ ಕಾಣಲೆಂದು ಬಣ್ಣದ ಪ್ರಕಾರ ಜೋಡಿಸಿಟ್ಟು ಹೋಗಿದ್ದರು. ಗಂಡಸರದು ಯಾವುದು, ಮಕ್ಕಳದು ಯಾವುದು ಎಂದು ಮತ್ತೆ ಬೇರ್ಪಡಿಸುವಷ್ಟರಲ್ಲಿ ಅಳಿಯನಿಗೆ ಸಾಕುಬೇಕಾಗಿತ್ತು.

ಹಾಗಾಗಿ, ಎರಡೂ ಊರುಗಳ ನಡುವೆ ವಿಮಾನ ಶುರುವಾಯಿತಂತಲ್ಲ, ದೂರ ಎಷ್ಟು, ಹೊತ್ತು ಎಷ್ಟು ಹಿಡಿಯುತ್ತದೆ ಎಂದು ಅತ್ತೆ ಫೋನಿನಲ್ಲಿ ಕೇಳಿದಾಗ ಅವನು ಮೊದಲು ಹೆಂಡತಿ ಎಲ್ಲಿದ್ದಾಳೆಂದು ನೋಡಿದ. ಅವಳು ಸ್ನಾನಕ್ಕೆ ಹೋಗಿದ್ದಳು. ನಾಲಿಗೆ ತಾನಾಗಿಯೇ ಹೊರಳಿತು.

"ಏಳು ಗಂಟೆ ಹಿಡಿಯುತ್ತೆ ಅತ್ತೆ. ನಕ್ಷೇಲಿ ನೋಡಿದ್ರೆ ಐನೂರು ಕಿಲೋಮೀಟರ್ ಅಷ್ಟೇ. ಆದ್ರೆ ವಿಮಾನ ನೆಟ್ಟಗೆ ಬರಲ್ಲ, ಬೆಟ್ಟಗಳನ್ನೆಲ್ಲ ಸುತ್ತಿಕೊಂಡು ಬರುತ್ತೆ."

ಸುಳ್ಳಿನ ರುಚಿ ಹತ್ತಿದ ಮೇಲೆ ಕೇಳಬೇಕೆ? ನಡುವೆ ಎರಡು ಕಡೆ ಇಳಿಯುತ್ತದೆ, ಕಾಲು ಚಾಚಲು ಜಾಗವಿಲ್ಲ, ಮಂಡಿನೋವಿನವರಂತೂ ಹತ್ತಲೇಬಾರದು ಎಂದೆಲ್ಲ ಸೇರಿಸಿದ. ಹಾಗಾದರೆ ಕಷ್ಟವೇ ಎಂದು ಅತ್ತೆ ಫೋನಿಟ್ಟರು. ನಿಜವಾಗಿ ಹಾರಾಟ ಒಂದು ಗಂಟೆ ಹತ್ತು ನಿಮಿಷದ್ದು.

ತಿಂಗಳು ಕಳೆದಿರಲಿಲ್ಲ, ಬಾಗಿಲು ತೆರೆದರೆ ಅತ್ತೆ, ಅವರ ಹಿಂದೆ ಎರಡು ದೊಡ್ಡ ಪೆಟ್ಟಿಗೆ. ಸೀರೆಯ ನೆರಿಗೆ ಕೂಡ ಮುದುಡಿರಲಿಲ್ಲ. ಆದರೂ ಸೊಂಟ ಹಿಡಿದುಕೊಂಡು ಸೋಫಾದ ಮೇಲೆ ಕುಸಿದು, ಅಳಿಯಂದಿರು ಹೇಳಿದ್ದು ಅಕ್ಷರಶಃ ನಿಜ, ಏಳು ಗಂಟೆ ಕೂತು ಕೂತು ಮೈ ಜಡ್ಡುಗಟ್ಟಿತು ಎಂದು ಮಗಳ ಮುಂದೆ ಗೋಳಾಡಿದರು. ಮಗಳು ಗಂಡನನ್ನು ನೋಡಿದಳು. ಗಂಡ ಕಿಟಕಿಯನ್ನು ನೋಡಿದ.

"ನಾಲ್ಕು ದಿನ ಇದ್ದು ಹೋಗೋಣ ಅಂತಿದ್ದೆ," ಎಂದರು ಅತ್ತೆ. "ಇಷ್ಟು ದೂರ ಮತ್ತೆ ತಕ್ಷಣ ಹೋಗೋಕೆ ಈ ಮಂಡಿ ಕೇಳಲ್ಲ. ಎರಡು ತಿಂಗಳು ಇಲ್ಲೇ ಇರ್ತೀನಿ."

ಮರುದಿನದಿಂದಲೇ ನಸುಕಿನ ಕವಾಯತು ಶುರುವಾಯಿತು. ಹೆಂಡತಿ, ನನಗೇನೂ ಗೊತ್ತಿಲ್ಲಪ್ಪ ಎಂಬಂತೆ ಅಮ್ಮನ ಮಂಡಿಗೆ ಎಣ್ಣೆ ತಿಕ್ಕುತ್ತ ಒಳಗೊಳಗೇ ನಗುತ್ತಿದ್ದಳು. ಮುಂದಿನ ವಾರ ಅತ್ತೆ ಅಂಗಡಿಯಲ್ಲಿ ಕೂತು, ಆಗಲೇ ದುಡ್ಡು ಕೊಟ್ಟಿದ್ದ ಗಿರಾಕಿಯೊಬ್ಬರಿಗೆ, ಈ ಫ್ರೇಮು ನಿಮ್ಮ ಮೂಗಿಗೆ ಒಪ್ಪುವುದಿಲ್ಲ ಎಂದು ಹೇಳಿ ವಾಪಸು ಕಳಿಸಿದರು. ಅಳಿಯನಿಗೆ ಇನ್ನು ತಡೆಯಲಾಗಲಿಲ್ಲ.

"ಅತ್ತೆ, ನಾನು ಸುಳ್ಳು ಹೇಳಿದ್ದೆ. ವಿಮಾನಕ್ಕೆ ಅಷ್ಟೆಲ್ಲ ಹೊತ್ತು ಹಿಡಿಯಲ್ಲ."

ಅತ್ತೆ ಗಾಜು ಒರೆಸುವುದನ್ನು ನಿಲ್ಲಿಸಲಿಲ್ಲ. "ನಾನು ಅದರಲ್ಲೇ ಬಂದಿದ್ದಲ್ವಾ ಅಳಿಯಂದ್ರೇ? ಕಾಫಿ ಆರೋದ್ರೊಳಗೆ ಇಳಿಸಿಬಿಟ್ರು. ನೀವಾಗಿ ಯಾವಾಗ ಬಾಯಿ ಬಿಡ್ತೀರೋ ಅಂತ ಕಾಯ್ತಿದ್ದೆ."

ಅವನ ಕಿವಿಗಳು ಕೆಂಪಾದವು. ಅತ್ತೆ ಮೊದಲು ನಕ್ಕರು. ಬೇರೆ ದಾರಿ ಕಾಣದೆ ಅವನೂ ನಕ್ಕ. ಆ ಭಾನುವಾರವೇ ಅವರು ಹೊರಟು ನಿಂತಾಗ ಪೆಟ್ಟಿಗೆಗಳೆರಡನ್ನೂ ತಾನೇ ಹೊತ್ತು ವಿಮಾನ ನಿಲ್ದಾಣಕ್ಕೆ ಬಂದ. ಹಗುರಾದ ಮನಸ್ಸಿಗೆ ಆ ಭಾರ ಭಾರವೆನಿಸಲಿಲ್ಲ.

ಒಳಗೆ ಹೋಗುವ ಮುನ್ನ ಅತ್ತೆ ಅವನ ಭುಜ ತಟ್ಟಿದರು. "ಇಷ್ಟು ಹತ್ತಿರ ಅಂತ ಗೊತ್ತಾಗಿದ್ದು ಒಳ್ಳೇದೇ ಆಯ್ತು. ಇನ್ಮೇಲೆ ತಿಂಗಳಿಗೆರಡು ಸಲ, ಶನಿವಾರ ಬಂದುಬಿಡ್ತೀನಿ."

ಹೇಳಿದಂತೆಯೇ ಬಂದರು. ಮೊದಲ ಶನಿವಾರ ಅಳಿಯ ಅವರನ್ನು ಕರೆತರಲು ಹೋಗುವಷ್ಟರಲ್ಲಿ, ಗಾಳಿ ಅನುಕೂಲವಾಗಿತ್ತೆಂದು, ವಿಮಾನ ಹೊತ್ತಿಗೆ ಮುಂಚೆಯೇ ಬಂದಿಳಿದಿತ್ತು.