ಪರೀಕ್ಷಿಸುವುದಕ್ಕೂ ತೆರೆಯುವುದಕ್ಕೂ ನಡುವೆ

ಉಮಾಪತಿ ಬೈಯುವಾಗ ನಗುತ್ತಿದ್ದ. ಸಾಲ್ಟ್ ಲೇಕಿನ ಆ ಆಫೀಸಿನಲ್ಲಿ ಕನ್ನಡ ಬಲ್ಲವರು ಇಬ್ಬರೇ, ಧಾರವಾಡದ ಅವನು ಮತ್ತು ಅವನ ಕೈಕೆಳಗಿನ, ಬೆಂಗಳೂರಿನ ಪ್ರೇರಣಾ. ಮಿಕ್ಕವರೊಂದಿಗೆ ಅವನದು ಬೆಣ್ಣೆಯಂಥ ಇಂಗ್ಲಿಷು. ಪ್ರೇರಣಾಳ ಮೇಜಿನ ಬಳಿ ಬಂದಾಗ ಮಾತ್ರ, ಮುಖದ ನಗು ಕದಲದಂತೆ, ದನಿ ಏರದಂತೆ, ಕನ್ನಡದಲ್ಲಿ ಶುರುಮಾಡುತ್ತಿದ್ದ.

"ಹನ್ನೆರಡು ದಿನ ಆತು. ಒಂದು ಫೈಲ್ ತೆರೆಯೂ ಕೋಡ್ ಬರೀಲಿಕ್ಕೆ ಹನ್ನೆರಡು ದಿನ. ನಿನ್ನ ತಲ್ಯಾಗ ಮಿದುಳೈತೋ, ಬರೇ ಹೊಟ್ಟು ತುಂಬೈತೋ?"

ಪಕ್ಕದ ಮೇಜಿನವಳು ಇದನ್ನು ನೋಡಿ, "ಊರಿನವರು ಹತ್ತಿರವಿದ್ದರೆ ಎಷ್ಟು ಚಂದ ಅಲ್ಲವಾ" ಎಂದು ಒಮ್ಮೆ ಹೇಳಿದ್ದಳು.

ಕೆಲಸ ಖಿದಿರ್‌ಪುರದ ಬಂದರಿನ ಒಂದು ಸರಕು ಕಂಪನಿಯದು. ಹಡಗಿನ ಏಜೆಂಟರು ತಂತಮ್ಮ ಫೋಲ್ಡರಿಗೆ ಕಾಗದಪತ್ರ ಹಾಕುತ್ತಾರೆ. ಇವರ ತಂತ್ರಾಂಶ ಅವನ್ನು ತೆರೆದು ಓದುತ್ತದೆ. ಒಬ್ಬನ ಫೋಲ್ಡರಿನಿಂದ ಹೊರಟ ಓದು ಇನ್ನೊಬ್ಬನ ಫೋಲ್ಡರಿಗೆ ಕಾಲಿಡಬಾರದು. ಹೊಸ ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಇದಕ್ಕೊಂದು ಕರೆ, ಅಂದರೆ ಸಿಸ್ಟಮ್‌ಗೆ ಕೊಡುವ ಸಿದ್ಧ ಆದೇಶ, ಇದೆ. 'ಈ ಫೋಲ್ಡರಿನ ಒಳಗಷ್ಟೇ ಹುಡುಕು, ಹೊರಗೆ ಎಳೆಯುವ ಲಿಂಕ್ ಸಿಕ್ಕರೆ ನಿಲ್ಲು' ಎಂದರೆ ಸಿಸ್ಟಮ್ ತಾನೇ ನೋಡಿಕೊಳ್ಳುತ್ತದೆ. ಆದರೆ ಖಿದಿರ್‌ಪುರದ ಹನ್ನೆರಡು ಯಂತ್ರಗಳು ಹಳೆಯವು. ಲಾರಿ ತೂಗುವ ವೇಬ್ರಿಡ್ಜಿಗೂ ಕ್ರೇನಿಗೂ ಕಟ್ಟಿಹಾಕಿದ್ದ ಅವುಗಳನ್ನು ಬದಲಿಸುವಂತಿರಲಿಲ್ಲ. ಹೊಸ ಕರೆ ಕೊಟ್ಟರೆ 'ಅಂಥದ್ದು ನನಗೆ ಗೊತ್ತಿಲ್ಲ' ಎಂದು ಹಿಂದಿರುಗಿಸುತ್ತಿದ್ದವು. ಆ ಕರೆ ಮಾಡುವುದನ್ನೆಲ್ಲ ಹಳೆಯ ಕರೆಗಳನ್ನೇ ಜೋಡಿಸಿ ಕೈಯಾರೆ ಮಾಡಬೇಕಿತ್ತು.

ಪ್ರೇರಣಾ ಫೈಲಿನವರೆಗಿನ ದಾರಿಯ ಒಂದೊಂದೇ ಮೆಟ್ಟಿಲನ್ನು, ಅಂದರೆ ಒಂದೊಂದೇ ಫೋಲ್ಡರನ್ನು, ತೆರೆದು, ಹಿಡಿದುಕೊಂಡು, ಲಿಂಕ್ ಬಂದರೆ ತಾನೇ ಓದಿ ನೋಡಿ, ಮುಂದಿನ ಮೆಟ್ಟಿಲಿಗೆ ಹೋಗುವಂತೆ ಬರೆಯುತ್ತಿದ್ದಳು. ಉಮಾಪತಿ ಅದೇ ಕೆಲಸವನ್ನು ಎರಡು ಗಂಟೆಯಲ್ಲಿ, ಮೂವತ್ತು ಸಾಲಿನಲ್ಲಿ ಮುಗಿಸಿದ. ಮೊದಲು ಪೂರ್ತಿ ದಾರಿ ಎಲ್ಲಿಗೆ ಹೋಗುತ್ತದೆಂದು ಪರೀಕ್ಷೆ. ಸರಿಯಿದ್ದರೆ ಆಮೇಲೆ ಫೈಲ್ ತೆರೆಯುವುದು.

"ಪರೀಕ್ಷೆ ಮಾಡಿದ್ಮೇಲೆ, ತೆರೆಯೋಕ್ಮುಂಚೆ ಯಾರಾದ್ರೂ ಲಿಂಕ್ ಬದಲಾಯಿಸಿದ್ರೆ, ಸರ್?" ಎಂದು ಅವಳು ಕೇಳಿದಳು.

"ಅಷ್ಟರೊಳಗ ಯಾವ ಭೂತ ಬಂದು ಬದಲಾಯಿಸ್ತೈತಿ?"

ಅವಳು ಆ ಭೂತವನ್ನೇ ಬರೆದಳು. ಒಂದು ಲಿಂಕನ್ನು ಎಡೆಬಿಡದೆ ಒಳಗೆ ಹೊರಗೆ ತಿರುಗಿಸುತ್ತಲೇ ಇರುವ ಸಣ್ಣ ಪ್ರೋಗ್ರಾಮ್. ಉಮಾಪತಿಯ ಕೋಡ್ ಅದರೆದುರು ಒಂದು ನಿಮಿಷದಲ್ಲಿ ಮೂವತ್ತೊಂದು ಸಲ ಪರರ ಫೈಲ್ ತೆರೆಯಿತು. ಸೋಮವಾರ ಬೆಳಿಗ್ಗೆ ಅದನ್ನು ಅವನಿಗೆ ತೋರಿಸಿದಳು. ಅವನು ಆವತ್ತು ಮಾತ್ರ ನಗಲಿಲ್ಲ.

"ಇದನ್ನ ಅಳಸು," ಎಂದ. "ನನ್ನ ಮಾನ ಕಳೀಲಿಕ್ಕೆ ನಿಂತೀ ನೀ."

ಸಂಜೆ ನೋಡಿದರೆ ಅವಳ ಕೋಡ್ ಬದಿಗೆ ಸರಿದು, ಉಮಾಪತಿಯ ಮೂವತ್ತು ಸಾಲು ತಂತ್ರಾಂಶದೊಳಗೆ ಸೇರಿತ್ತು. ಬರೆದವರ ಹೆಸರಿನ ಜಾಗದಲ್ಲಿ ಪ್ರೇರಣಾ ಎಂದಿತ್ತು.

ನಾಳೆ ಎಡವಟ್ಟಾದರೆ ಸಿಕ್ಕಿಬೀಳುವವಳು ತಾನು. ಮಂಗಳವಾರ ಕೇಳಲು ಹೋದಳು. ಅವನು ಹೆಡ್‌ಫೋನ್ ತೆಗೆಯಲಿಲ್ಲ. ಬುಧವಾರ ಮೀಟಿಂಗಿನಲ್ಲಿ ಎಲ್ಲರೆದುರು "ಪ್ರೇರಣಾ ಅದ್ಭುತ ಕೆಲಸ ಮಾಡಿದ್ದಾಳೆ" ಎಂದು ಇಂಗ್ಲಿಷಿನಲ್ಲಿ ಹೊಗಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಭೂತದ ಪ್ರೋಗ್ರಾಮನ್ನು ಅವಳು ಅಳಿಸಿರಲಿಲ್ಲ.

ಗುರುವಾರ ಇಬ್ಬರೂ ಒಂದೇ ಟ್ಯಾಕ್ಸಿಯಲ್ಲಿ, ಕೆಲಸ ಒಪ್ಪಿಸಲು ಖಿದಿರ್‌ಪುರಕ್ಕೆ ಹೋದರು. ಕಂಪನಿಯ ಗಣಕ ವಿಭಾಗದ ಮುಖ್ಯಸ್ಥೆ ಶರ್ಮಿಷ್ಠಾ ದಾಸ್‌ಗುಪ್ತ, ಐವತ್ತು ದಾಟಿದ, ಬಂದವರಿಗೆ ಕುರ್ಚಿ ತೋರಿಸುವುದಕ್ಕೂ ಲೆಕ್ಕ ಹಾಕುವಂಥ ಹೆಂಗಸು. ಕುಳಿತ ಕೂಡಲೇ ಕೇಳಿದರು:

"ಹಳೆಯ ಯಂತ್ರದಲ್ಲೂ ಹೊಸದರಷ್ಟೇ ಭದ್ರವೇ?"

"ಸಂಪೂರ್ಣ," ಎಂದ ಉಮಾಪತಿ.

ಪ್ರೇರಣಾ ಬಾಯಿ ತೆರೆದಳು. ಅವನು ಅವಳತ್ತ ತಿರುಗಿ, ಮಗುವನ್ನು ರಮಿಸುವವನಂತೆ ನಗುತ್ತ, ಕನ್ನಡದಲ್ಲಿ ಹೇಳಿದ: "ಬಾಯಿ ಮುಚ್ಚಿಕೊಂಡು ಕುಂದ್ರು. ಒಂದು ಮಾತಾಡಿದ್ರ ನಾಳಿಂದ ಆಫೀಸಿನ ಮೆಟ್ಟಿಲು ಹತ್ತಬ್ಯಾಡ. ಕತ್ತಿ."

"ಏನಂತೆ?" ಎಂದರು ಶರ್ಮಿಷ್ಠಾ.

"ಟೆಕ್ನಿಕಲ್ ವಿಷಯ, ಮೇಡಮ್," ಎಂದ ಅವನು.

ಪ್ರೇರಣಾ ಅವನ ಕೈಕೆಳಗೆ ಎಂಟು ತಿಂಗಳು ನುಂಗಿದ್ದೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಾಯಿಂದ ಬಂದ ಹಿಂದಿ ತಣ್ಣಗಿತ್ತು.

"ಬಾಯಿ ಮುಚ್ಚಿಕೊಂಡು ಕೂರು ಅಂದರು, ಮೇಡಮ್. ಒಂದು ಮಾತಾಡಿದರೂ ನಾಳೆಯಿಂದ ಆಫೀಸಿಗೆ ಬರಬೇಡ ಅಂದರು. ಕೊನೆಯ ಪದದ ಅರ್ಥ ಕತ್ತೆ."

ಉಮಾಪತಿಯ ನಗು ಮುಖದ ಮೇಲೆ ಹಾಗೇ ಇತ್ತು, ತೆಗೆಯುವುದು ಹೇಗೆಂದು ಮರೆತವನಂತೆ. ಅವಳು ಲ್ಯಾಪ್‌ಟಾಪ್ ತಿರುಗಿಸಿ, ಅಲ್ಲಿನ ಪರೀಕ್ಷಾ ಯಂತ್ರದ ಮೇಲೆ ಭೂತವನ್ನು ಬಿಟ್ಟಳು. ನಾಲ್ಕೇ ಸೆಕೆಂಡಿಗೆ ಒಬ್ಬ ಏಜೆಂಟನ ಫೋಲ್ಡರಿನಿಂದ ಇನ್ನೊಬ್ಬನ ಸರಕುಪಟ್ಟಿ ಪರದೆಗೆ ಬಂತು.

ಶರ್ಮಿಷ್ಠಾ ಕನ್ನಡಕ ತೆಗೆದರು. "ಇದು ನಿಮಗೆ ಯಾವಾಗ ಗೊತ್ತಾಯಿತು?"

"ಸೋಮವಾರ."

"ಇವತ್ತು ಗುರುವಾರ. ನಾಲ್ಕು ದಿನ ಇಟ್ಟುಕೊಂಡು ಕೂತಿದ್ದಿರಿ. ಅವರು ಸುಳ್ಳು ಹೇಳಿದರು, ನೀವು ಸುಮ್ಮನಿದ್ದಿರಿ. ನನಗೇನು ವ್ಯತ್ಯಾಸ?"

ಪ್ರೇರಣಾ ಎಲ್ಲೋ ಮನಸ್ಸಿನ ಮೂಲೆಯಲ್ಲಿ ಶಹಬ್ಬಾಸ್ ಬಯಸಿದ್ದಳು. ಶರ್ಮಿಷ್ಠಾ ಉಮಾಪತಿಯನ್ನು ಹೊರಗೆ ಕಳಿಸಿದರು. ಬದಿಗೆ ಸರಿಸಿದ ತನ್ನ ಕೋಡಿನ ವಿಷಯ ಅವಳು ಹೇಳಿದ ಮೇಲೆ, ಕಿಟಕಿಯಿಲ್ಲದ ಕೋಣೆ ತೋರಿಸಿದರು. "ನಿಮ್ಮ ಕೋಡ್ ಇಲ್ಲೇ ಓಡಲಿ. ಒಂದು ದಿನ ಪೂರ್ತಿ. ಒಂದು ಫೈಲ್ ಹೊರಗಿನದು ತೆರೆದರೂ ನಿಮ್ಮ ಕಂಪನಿಗೆ ನಮಸ್ಕಾರ."

ಶುಕ್ರವಾರ ಬೆಳಿಗ್ಗೆಯಿಂದ ಅವಳ ಕೋಡ್ ಭೂತದೆದುರು ನಿಂತಿತು. ಮಧ್ಯಾಹ್ನದವರೆಗೂ ಒಂದೂ ತಪ್ಪಿಲ್ಲ. ಊಟಕ್ಕೆಂದು ಎದ್ದವಳು ಪಕ್ಕದ ಗುಮಾಸ್ತನ ಪರದೆಯನ್ನು ನೋಡಿ ನಿಂತಳು. ಅವನು ಕೆಲಸ ಮುಗಿದ ಒಂದು ಫೋಲ್ಡರನ್ನು ಹಾಗೇ ಎತ್ತಿ ಎಲ್ಲರಿಗೂ ಸೇರಿದ ಹಳೇ ಕಡತಗಳ ಜಾಗಕ್ಕೆ ಸರಿಸುತ್ತಿದ್ದ. ದಿನಕ್ಕೆ ನೂರು ಸಲ ಹೀಗೆ ಮಾಡುತ್ತೇವೆ ಎಂದ.

ಅವಳು ಕುರ್ಚಿಗೆ ವಾಪಸಾಗಿ ತನ್ನ ಕೋಡ್ ತೆರೆದು ನೋಡಿದಳು. ದಾರಿಯ ಮಧ್ಯೆ 'ಒಂದು ಮೆಟ್ಟಿಲು ಹಿಂದಕ್ಕೆ' ಎಂಬ ಗುರುತು ಬಂದರೆ ಅವಳ ಕೋಡ್, ಹಿಂದಿನ ಮೆಟ್ಟಿಲು ಯಾವುದೆಂದು ಸಿಸ್ಟಮನ್ನೇ ಕೇಳುತ್ತಿತ್ತು. ಅದೇ ಹೊತ್ತಿಗೆ ಆ ಫೋಲ್ಡರನ್ನು ಯಾರಾದರೂ ಸರಿಸಿದರೆ, ಸಿಸ್ಟಮ್ ಹೊಸ ಜಾಗವನ್ನು ತೋರಿಸುತ್ತದೆ. ಹೊರಗಿನದನ್ನು. ಭೂತಕ್ಕೆ ಈ ಉಪಾಯ ಅವಳು ಕಲಿಸಿರಲಿಲ್ಲ. ಯಾರಿಗೂ ಗೊತ್ತಾಗುವಂತಿರಲಿಲ್ಲ. ನಾಳೆ ಬೆಳಿಗ್ಗೆ ಪರೀಕ್ಷೆ ಮುಗಿದರೆ ಗೆದ್ದಂತೆಯೇ.

ಪ್ರೇರಣಾ ಖಾಲಿ ಲೋಟ ಹಿಡಿದು ನೀರಿನ ಯಂತ್ರದ ಮುಂದೆ ನಿಂತಳು. ಉಮಾಪತಿಗೂ ಸೋಮವಾರ ಹೀಗೇ ಆಗಿರಬೇಕು ಎನ್ನಿಸಿತು. ಲೋಟ ಅಲ್ಲೇ ಇಟ್ಟು ಶರ್ಮಿಷ್ಠಾರ ಕೋಣೆಗೆ ಹೋದಳು.

"ಮೇಡಮ್, ನನ್ನದರಲ್ಲೂ ತೂತಿದೆ. ಈಗ ಗೊತ್ತಾಯಿತು, ಹತ್ತು ನಿಮಿಷದ ಹಿಂದೆ."

ಅವರು ತಲೆಯೆತ್ತಲಿಲ್ಲ. "ಎಷ್ಟು ಹೊತ್ತು ಬೇಕು?"

"ನಾಲ್ಕು ಗಂಟೆ."

"ಮೂರು ತೆಗೆದುಕೊಳ್ಳಿ."

ಬಂದ ಮೆಟ್ಟಿಲುಗಳನ್ನೆಲ್ಲ ಕೋಡ್ ತಾನೇ ಸಾಲಾಗಿ ಹಿಡಿದಿಟ್ಟುಕೊಂಡು, ಹಿಂದಿರುಗುವಾಗ ಸಿಸ್ಟಮನ್ನು ಕೇಳದೆ ತನ್ನ ಸಾಲನ್ನೇ ನಂಬುವಂತೆ ಬದಲಿಸಿದಳು. ಭೂತಕ್ಕೂ ಫೋಲ್ಡರ್ ಸರಿಸುವುದನ್ನು ಕಲಿಸಿದಳು. ಪರೀಕ್ಷೆ ಮೊದಲಿನಿಂದ ಶುರುವಾಯಿತು. ಶನಿವಾರ ಸಂಜೆಯವರೆಗೆ ಓಡಿತು. ತಪ್ಪು ಸೊನ್ನೆ. ಶರ್ಮಿಷ್ಠಾ ಕಾಗದಕ್ಕೆ ಸಹಿ ಹಾಕಿ, ನೋಡದೆಯೇ ಚಾಚಿದರು. "ಸೋಮವಾರ ಮೊದಲನೇ ಯಂತ್ರ. ತಡವಾಗಿ ಬರಬೇಡಿ."

ಮಂಗಳವಾರ ಸಾಲ್ಟ್ ಲೇಕಿನಲ್ಲಿ ಅವಳಿಗೆ ಎಚ್ಚರಿಕೆಯ ಪತ್ರ ಕಾದಿತ್ತು. ಮೇಲಧಿಕಾರಿಯ ಖಾಸಗಿ ಮಾತನ್ನು ಗ್ರಾಹಕರೆದುರು ಬಹಿರಂಗಪಡಿಸಿ ಸಂಸ್ಥೆಯ ಘನತೆಗೆ ಧಕ್ಕೆ ತಂದಿದ್ದಾಳೆಂದು ಉಮಾಪತಿ ದೂರು ಕೊಟ್ಟಿದ್ದ. ಅವನನ್ನು ಬೇರೆ ವಿಭಾಗಕ್ಕೆ ಹಾಕಿದ್ದರು, ಅದೇ ಮಹಡಿಯಲ್ಲಿ, ಎರಡು ಸಾಲು ಆಚೆ. ಅಲ್ಲಿಂದಲೇ ಅವನು ಅವಳನ್ನು ನೋಡುತ್ತಿದ್ದ.

"ಏನಾದರೂ ಹೇಳುವುದಿದ್ದರೆ ಕೆಳಗೆ ಬರೆಯಬಹುದು," ಎಂದಳು ಪತ್ರ ತಂದ ಹುಡುಗಿ.

ಪ್ರೇರಣಾ ಪೆನ್ನು ತೆಗೆದು, ಹೋದ ವಾರ ಸೋಮವಾರ ತಾನು ಕಂಡದ್ದು, ತೋರಿಸಿದ್ದು, ಗುರುವಾರದವರೆಗೆ ಸುಮ್ಮನಿದ್ದದ್ದು ಎಲ್ಲವನ್ನೂ ಬರೆದಳು. ಜಾಗ ಸಾಲದೆ ಹಾಳೆಯ ಹಿಂಬದಿಗೂ ಹೋಯಿತು. ತಾರೀಖು ಹಾಕಿ, ಸಹಿ ಮಾಡಿ, ಒಂದು ಪ್ರತಿ ತನಗೆಂದು ಕೇಳಿ ಪಡೆದಳು. ಆಮೇಲೆ ಚೀಲ ಹೆಗಲಿಗೇರಿಸಿ ಬಸ್ಸು ಹಿಡಿಯಲು ಕೆಳಗಿಳಿದಳು. ಖಿದಿರ್‌ಪುರದಲ್ಲಿ ಇನ್ನೂ ಹನ್ನೊಂದು ಯಂತ್ರ ಉಳಿದಿದ್ದವು.