ತೊರ್ನಿಕೆಯ ಕೆಮ್ಮು, ದೂರದ ನ್ಯಾಯಾಲಯ

ಆ ವರ್ಷ ಗೊಡೆರ್ಡ್ಜಿಯ ತೋಟದಲ್ಲಿ ದ್ರಾಕ್ಷಿ ಕೊಯ್ಯುವಾಗ ಯಾರೂ ಹಾಡಲಿಲ್ಲ. ಕಾರಣ ಯುರೋಪಿನಂಚಿನ ಕಾಖೇತಿ ಸೀಮೆಯ ಆ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವನ ಮಗ ತೊರ್ನಿಕೆ ಪಟ್ಟಣದಲ್ಲಿ ಕಾರು ಕದ್ದು ಸಿಕ್ಕಿಬಿದ್ದು ಜೈಲು ಸೇರಿದ್ದ. ಗೊಡೆರ್ಡ್ಜಿ ಅವನನ್ನು ನೋಡಲು ಒಮ್ಮೆಯೂ ಹೋಗಿರಲಿಲ್ಲ. ಹೆಂಡತಿ ಲಮಾರಾ ಒಬ್ಬಳೇ ಹೋಗಿ ಬರುತ್ತಿದ್ದಳು.

ಒಂದು ದಿನ ಅವಳು ಜೈಲಿನಿಂದ ಬಂದವಳೇ ಅಂಗಳದಲ್ಲಿ ಕುಳಿತುಬಿಟ್ಟಳು. ಮಗ ಕೆಮ್ಮಿದರೆ ರಕ್ತ ಬರುತ್ತಿದೆಯಂತೆ. ಜೈಲಿನ ಡಾಕ್ಟರು ಶೀತ ಎಂದು ಹೇಳಿ ಮಾತ್ರೆ ಕೊಟ್ಟು ಕಳಿಸಿದ್ದಾರಂತೆ. ಅಂದಿನಿಂದ ಗೊಡೆರ್ಡ್ಜಿಗೆ ಊಟ ಸೇರಲಿಲ್ಲ.

ಅವನ ತಮ್ಮನ ಮಗಳು ಮಾಕಾ ತೆಲಾವಿ ಪಟ್ಟಣದಲ್ಲಿ ವಕೀಲೆ. ಬಡವರ ಪ್ರಕರಣಗಳನ್ನು ಶುಲ್ಕವಿಲ್ಲದೆ ನಡೆಸುತ್ತಿದ್ದಳು. ಇದು ಕ್ಷಯವಿರಬಹುದು, ತೊರ್ನಿಕೆಗೆ ಚಿಕಿತ್ಸೆ ಕೊಡಿಸಿ ಎಂದು ಅವಳು ಮೊದಲು ಜೈಲಿಗೇ ಬರೆದಳು, ಉತ್ತರ ಬರಲಿಲ್ಲ. ನಂತರ ಇಲ್ಲಿನ ಕೋರ್ಟಿಗೆ ಹೋದಳು, ಅಲ್ಲಿ ವಿಚಾರಣೆ ಮುಂದಕ್ಕೆ ಹೋಗುತ್ತಲೇ ಇತ್ತು. ಹುಡುಗ ಮಾತ್ರ ದಿನದಿನಕ್ಕೂ ಸೊರಗುತ್ತಿದ್ದ. ಆಗ ಅವಳು ದೊಡ್ಡಪ್ಪನ ಮನೆಗೆ ಬಂದು, ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಊರಿನಲ್ಲಿರುವ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ತುರ್ತು ಅರ್ಜಿ ಹಾಕೋಣ ಎಂದಳು. ತೊರ್ನಿಕೆಯ ಸಹಿ ಬೇಕು. ಅಪ್ಪ ಒಪ್ಪಿದರೆ ಮಾತ್ರ ಹಾಕುತ್ತೇನೆಂದು ಅವನು ಹಟ ಹಿಡಿದಿದ್ದ.

"ಕಳ್ಳನಿಗೋಸ್ಕರ ಎಲ್ಲಿಯೋ ಕೂತ ಜಡ್ಜು ಯಾಕೆ ತಲೆ ಕೆಡಿಸ್ಕೋತಾನೆ?" ಎಂದ ಗೊಡೆರ್ಡ್ಜಿ. "ಅದೂ ನಮ್ಮ ಸರ್ಕಾರದ ಮೇಲೆ ಹೊರಗಿನೋರ ಹತ್ರ ಚಾಡಿ ಹೇಳೋದು."

"ಚಾಡಿ ಎಲ್ಲಿಂದ ಬಂತು ದೊಡ್ಡಪ್ಪ? ಯುರೋಪಿನ ನಲವತ್ತಕ್ಕೂ ಹೆಚ್ಚು ದೇಶಗಳು ಸೇರಿ ಒಂದು ಒಪ್ಪಂದ ಮಾಡ್ಕೊಂಡಿವೆ. ನಮ್ಮ ಕೈಯಲ್ಲಿರೋ ಮನುಷ್ಯನ ಜೀವ ಕಾಯ್ತೀವಿ, ಹಿಂಸೆ ಕೊಡಲ್ಲ ಅಂತ. ನಮ್ಮ ಸರ್ಕಾರನೂ ಅದಕ್ಕೆ ಸಹಿ ಹಾಕಿದೆ. ಒಳ್ಳೆಯೋರಿಗೆ ಮಾತ್ರ ಅಂತ ಅದರಲ್ಲಿ ಎಲ್ಲೂ ಇಲ್ಲ. ಕೋರ್ಟು ಇವನಿಗೆ ಕೊಟ್ಟಿದ್ದು ಜೈಲು, ಕ್ಷಯರೋಗ ಕೊಟ್ಟಿರಲಿಲ್ಲ."

ಗೊಡೆರ್ಡ್ಜಿಯ ನಿಜವಾದ ಭಯ ಆಮೇಲೆ ಹೊರಬಂತು. "ಜೈಲಿನೋರು ಸಿಟ್ಟಿಗೆದ್ದು ಒಳಗೆ ಅವನನ್ನ ಹಣ್ಣುಗಾಯಿ ನೀರುಗಾಯಿ ಮಾಡಿದ್ರೆ?"

ಮಾಕಾ ಅರ್ಜಿಯ ಕಾಗದವನ್ನು ಅವನ ಮುಂದಿಟ್ಟಳು. "ಮಾಡಲ್ಲ ಅಂತ ನಾನು ಆಣೆ ಇಡಲಾರೆ. ಆದ್ರೆ ಅರ್ಜಿ ಹಾಕಿದೋರನ್ನ ಹೆದರಿಸೋದೂ ಒಪ್ಪಂದ ಮುರಿದ ಹಾಗೇ. ಹೆದರಿಸಿದ್ರೆ ಅದನ್ನೂ ಬರೆದು ಕಳಿಸ್ತೀನಿ. ನಾವು ಬಾಯಿ ಮುಚ್ಕೊಂಡಿದ್ರೆ ಏನಾಗುತ್ತೆ ಅಂತ ನಿಮಗೂ ಗೊತ್ತಿದೆ."

ಗೊಡೆರ್ಡ್ಜಿ ಮರುದಿನ ಅವಳ ಜೊತೆ ಜೈಲಿಗೆ ಹೊರಟ. ಗಾಜಿನ ಆಚೆಗೆ ಬಂದು ಕುಳಿತವನು ತನ್ನ ಮಗನೆಂದು ಅವನಿಗೆ ತಕ್ಷಣ ತಿಳಿಯಲಿಲ್ಲ. ಕೆನ್ನೆಗಳು ಒಳಗೆ ಹೋಗಿದ್ದವು, ಅಂಗಿ ಕೋಲಿಗೆ ತೊಡಿಸಿದಂತಿತ್ತು. ನಡುವೆ ಗಾಜಿದ್ದರೂ ತೊರ್ನಿಕೆ ಕೆಮ್ಮು ಬಂದಾಗ ತೋಳಿನಿಂದ ಬಾಯಿ ಮುಚ್ಚಿ ಅತ್ತ ತಿರುಗುತ್ತಿದ್ದ.

"ಊರಲ್ಲಿ ನೀನು ತಲೆ ತಗ್ಗಿಸೋ ಹಾಗೆ ಮಾಡ್ದೆ ಅಪ್ಪ. ನೀನು ಬೇಡ ಅಂದ್ರೆ ಬೇಡ."

"ನಿನ್ನ ಮೇಲೆ ನನಗಿನ್ನೂ ಸಿಟ್ಟಿದೆ," ಎಂದ ಗೊಡೆರ್ಡ್ಜಿ. ಗಾಜಿನಾಚೆಗೆ ಮಾತಾಡುವ ಫೋನನ್ನು ಅವನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದ. "ಬೈಯೋದು ಬೇಕಾದಷ್ಟಿದೆ. ಅದಕ್ಕೆ ನೀನು ಬದುಕಿರಬೇಕು. ಸಹಿ ಹಾಕು."

ಅರ್ಜಿ ಹೋಯಿತು. ಆಮೇಲಿನ ದಿನಗಳು ಹೇಳತೀರದಷ್ಟು ಕಷ್ಟದವು. ಪಕ್ಕದ ಮನೆಯ ಶಾಲ್ವಾ ಬೇಲಿಯಾಚೆಯಿಂದ, ಫ್ರಾನ್ಸಿನವರು ನಿನ್ನ ಮಗನಿಗೆ ಹಾಸಿಗೆ ಹಾಸಿಕೊಡುತ್ತಾರಂತೇನು ಎಂದು ಕುಟುಕಿದ. ಅಷ್ಟರಲ್ಲಿ ಜೈಲಿನಿಂದ ಮಗ ಮಾಡುತ್ತಿದ್ದ ಫೋನೂ ನಿಂತುಹೋಯಿತು. ಒಳಗೆ ಹೊಡೆದಿದ್ದಾರೆ ಎಂದು ಲಮಾರಾ ಅತ್ತಳು. ಸಹಿ ಹಾಕಿಸಿದ್ದು ನಾನೇ ಎಂಬ ಯೋಚನೆ ಗೊಡೆರ್ಡ್ಜಿಯನ್ನು ಕೊರೆಯತೊಡಗಿತು. ನೆಲದಲ್ಲಿ ಹೂತ ಹಂಡೆಯಲ್ಲಿ ದ್ರಾಕ್ಷಾರಸ ಹುಳಿಯುತ್ತಿತ್ತು, ಅದನ್ನು ಕದಡುವುದನ್ನೂ ಅವನು ಮರೆತ.

ಮಾಕಾ ಫೋನಿನಲ್ಲಿ ಹೇಳದೆ ತಾನೇ ಬಂದಳು. ಅವಳು ಗೇಟು ತೆಗೆಯುವುದನ್ನು ಕಂಡು ಲಮಾರಾ ಅಂಗಳಕ್ಕೆ ಓಡಿಬಂದಳು. ತೊರ್ನಿಕೆ ಆಸ್ಪತ್ರೆಯಲ್ಲಿದ್ದ. ಕೂಡಲೇ ಅವನಿಗೆ ಸರಿಯಾದ ಚಿಕಿತ್ಸೆ ಕೊಡಿಸಬೇಕೆಂದು ಸ್ಟ್ರಾಸ್‌ಬರ್ಗ್ ನ್ಯಾಯಾಲಯ ಸರ್ಕಾರಕ್ಕೆ ಸೂಚಿಸಿತ್ತು. ಸಾಗಿಸುವ ಗಡಿಬಿಡಿಯಲ್ಲಿ ಮನೆಯವರಿಗೆ ತಿಳಿಸುವುದು ಯಾರಿಗೂ ನೆನಪಾಗಿರಲಿಲ್ಲ. ಕ್ಷಯವೆಂದು ಈಗ ಖಚಿತವಾಗಿತ್ತು. ಒಂದು ಶ್ವಾಸಕೋಶ ಹಾಳಾಗಿತ್ತು, ಇನ್ನೊಂದು ಉಳಿಯಬಹುದಿತ್ತು.

ಉಳಿಯಿತು. ಪೂರ್ತಿ ತೀರ್ಪು ಬರಲು ವರ್ಷಗಳೇ ಹಿಡಿದವು. ಜೈಲಿನಲ್ಲಿಟ್ಟವನಿಗೆ ಚಿಕಿತ್ಸೆ ಕೊಡದೆ ಸರ್ಕಾರ ಒಪ್ಪಂದ ಮುರಿದಿದೆ ಎಂದು ನ್ಯಾಯಾಲಯ ಹೇಳಿತು. ಸರ್ಕಾರ ಪರಿಹಾರ ಕೊಡಬೇಕಾಯಿತು. ಆ ಜೈಲಿನಲ್ಲಿ ಎಲ್ಲರಿಗೂ ಕ್ಷಯದ ತಪಾಸಣೆ ಶುರುವಾಯಿತು. ತೊರ್ನಿಕೆಯ ಶಿಕ್ಷೆಯೇನೂ ಮಾಫಿ ಆಗಲಿಲ್ಲ. ಅದನ್ನು ಪೂರ್ತಿ ಅನುಭವಿಸಿ ಅವನು ಮನೆಗೆ ಬಂದ. ಮುಂದೊಮ್ಮೆ ಶಾಲ್ವಾನ ಅಳಿಯನನ್ನು ಪೊಲೀಸರು ಠಾಣೆಯಲ್ಲಿ ಹೊಡೆದಾಗ ಶಾಲ್ವಾ ಮೊದಲು ಬಂದು ತಟ್ಟಿದ್ದು ಗೊಡೆರ್ಡ್ಜಿಯ ಬಾಗಿಲನ್ನೇ.

ಓದುತ್ತಿರುವ ತಾಯಂದಿರೇ, ಅಣ್ಣಂದಿರೇ, ನಿಮ್ಮವರು ಯಾರಾದರೂ ಸರ್ಕಾರದ ವಶದಲ್ಲಿದ್ದು ನರಳುತ್ತಿದ್ದರೆ ಮೊದಲು ಇಲ್ಲೇ ಬರೆದು ದೂರು ಕೊಡಿ, ನಕಲು ಇಟ್ಟುಕೊಳ್ಳಿ, ನಮ್ಮ ಕೋರ್ಟುಗಳನ್ನೇ ಕೇಳಿ. ಕೊನೆಯ ಕೋರ್ಟೂ ಕೈಬಿಟ್ಟರೆ, ಆ ಒಪ್ಪಂದಕ್ಕೆ ಸಹಿ ಹಾಕಿದ ನಮ್ಮಂಥ ದೇಶಗಳಲ್ಲಿರುವವರು ನಾಲ್ಕು ತಿಂಗಳೊಳಗೆ ಸ್ಟ್ರಾಸ್‌ಬರ್ಗಿಗೆ ಅರ್ಜಿ ಹಾಕಬಹುದು, ಅದಕ್ಕೆ ಶುಲ್ಕವಿಲ್ಲ. ಜೀವವೇ ಹೋಗುವಂತಿದ್ದರೆ ಅಷ್ಟು ದಿನ ಕಾಯಬೇಡಿ, ತುರ್ತು ಅರ್ಜಿಗಾಗಿ ಇಂದೇ ವಕೀಲರನ್ನು ಕಾಣಿ. ನಿಮಗೆ ಹೆದರಿಕೆಯಾಗುತ್ತದೆ, ಗೊಡೆರ್ಡ್ಜಿಗೂ ಆಗಿತ್ತು. ಹೆದರುತ್ತಲೇ ಹೋಗಿ. ಆದರೆ ಹೋಗಿ.