ಅರವತ್ತೆರಡು ಹರ್ಟ್ಸ್

"ತಪ್ಪು ತಿಳ್ಕೋಬೇಡಿ ಮೇಸ್ತ್ರಿ. ನಮ್ಮ ಪುಟ್ಟಿ ಕೈ ಈಚೆಗೆ ಸ್ವಲ್ಪ ನಡುಗುತ್ತೆ. ಕಾಯಿಲ್ ಸುತ್ತೋವಾಗ ಹೆಚ್ಚುಕಮ್ಮಿ ಆಗಿರ್ಬೇಕು."

ಹಲಗೆ ಗೋಡೆಯ ಆಚೆಯಿಂದ ಅಣ್ಣನ ಮಾತು ಕಿವಿಗೆ ಬಿದ್ದಾಗ ಅವಳ ಬೆರಳುಗಳ ನಡುವೆ ಕೂದಲೆಳೆಯಂಥ ತಾಮ್ರದ ತಂತಿ ಓಡುತ್ತಿತ್ತು. ಸುತ್ತಿನ ಮೇಲೆ ಸುತ್ತು ಹತ್ತದಂತೆ, ನಡುವೆ ಸಂದು ಬೀಳದಂತೆ ಅವಳು ಹತ್ತೊಂಬತ್ತು ವರ್ಷಗಳಿಂದ ಸ್ಪೀಕರುಗಳಿಗೆ ಕಾಯಿಲ್ ಸುತ್ತುತ್ತ ಬಂದಿದ್ದಳು. ನಲವತ್ತೆರಡಾದರೂ ಅಣ್ಣನ ಬಾಯಲ್ಲಿ ಅವಳು ಪುಟ್ಟಿಯೇ. ಅದನ್ನೇನೋ ಸಹಿಸಿಕೊಂಡಿದ್ದಳು. ಆದರೆ ಕೈ? ಅಪ್ಪ ಕಟ್ಟಿದ ಈ ವರ್ಕ್‌ಶಾಪಿನಲ್ಲಿ ಅವಳದು ಅಂತ ಇದ್ದದ್ದು ಆ ಕೈಯೊಂದೇ.

ಹಲ್ಲು ಕಚ್ಚಿಕೊಂಡು ಕೊನೆಯ ಸುತ್ತು ಮುಗಿಸಿದಳು. ತಂತಿ ಕತ್ತರಿಸಿ, ತುದಿಗೆ ಅಂಟು ಹಾಕಿ, ಆಮೇಲೆ ಎದ್ದಳು.

ಮುಂದಿನ ಕೋಣೆಯಲ್ಲಿ ಪೆಟ್ಟಿಗೆ ಮೇಸ್ತ್ರಿ ನಿಂತೇ ಇದ್ದರು. ಸ್ಪೀಕರಿಗೆ ಮರದ ಪೆಟ್ಟಿಗೆ ಮಾಡುವವರು. ಗಡ್ಡದಲ್ಲಿ ಇನ್ನೂ ಮರದ ಹೊಟ್ಟು ಇತ್ತು. ಮೇಜಿನ ಮೇಲೆ ಅವರು ವಾಪಸು ತಂದಿದ್ದ ಎಂಟಿಂಚಿನ ಸ್ಪೀಕರು.

"ನಿಮ್ಮ ಲೇಬಲ್ ನಂಬಿ ಹನ್ನೆರಡು ಪೆಟ್ಟಿಗೆ ಕೊಯ್ದೆನಮ್ಮಾ," ಎಂದರು. "ಒಂದು ತಿಂಗಳಿಂದ ಹಾಡಿಸ್ತಿದೀನಿ. ತಳದ ದನಿಯೇ ಇಲ್ಲ. ಖಾಲಿ ಡಬ್ಬ ಬಡಿದಂಗೆ ಗುಂಯ್ ಅನ್ನುತ್ತೆ."

"ಕೂತ್ಕೊಳ್ಳಿ. ಅಳತೆ ಮಾಡಿ ತೋರಿಸ್ತೀನಿ."

"ನೀನು ಒಳಗ್ ಹೋಗು ಪುಟ್ಟಿ," ಅಣ್ಣ ಅಂದ.

ಅವಳು ಲ್ಯಾಪ್‌ಟಾಪ್ ತಂದು ಮೇಜಿನ ಮೇಲೆ ಕುಕ್ಕಿದಳು. ಸ್ಪೀಕರನ್ನು ಸ್ಟ್ಯಾಂಡಿಗೆ ಬಿಗಿದು ಎರಡು ಕ್ಲಿಪ್ ಹಾಕಿದಳು. ಮೊದಲು ಕಾಯಿಲ್: ಲೇಬಲ್‌ನಲ್ಲಿ ಆರು ಪಾಯಿಂಟ್ ಎರಡು ಓಮ್, ಮೀಟರಿನಲ್ಲೂ ಅಷ್ಟೇ. ಅಣ್ಣನ ಕಡೆ ನೋಡಲಿಲ್ಲ. ಆಮೇಲೆ ಸಾಫ್ಟ್‌ವೇರ್ ಓಡಿಸಿದಳು. ತಗ್ಗು ದನಿಯಿಂದ ಶುರುವಾದ ಸ್ವರ ಮೇಲೇರುತ್ತ ಹೋದಂತೆ ಪರದೆಯ ಮೇಲೆ ಇಂಪಿಡೆನ್ಸಿನ, ಅಂದರೆ ಕಾಯಿಲ್ ಒಡ್ಡುವ ವಿದ್ಯುತ್ ತಡೆಯ, ಗೆರೆ ಒಂದು ಕಡೆ ಚೂಪಾಗಿ ಎದ್ದು ಮತ್ತೆ ಇಳಿಯಿತು.

"ಈ ತುದಿ ನೋಡಿ ಮೇಸ್ತ್ರಿ. ಮುಂದಿನ ಈ ಕಾಗದದ ಕೋನ್ ತಾನಾಗೇ ಹೆಚ್ಚು ಕುಣಿಯೋ ಜಾಗ ಇದು. ಲೇಬಲ್‌ನಲ್ಲಿ ನಲವತ್ತೈದು ಹರ್ಟ್ಸ್ ಅಂತಿದೆ. ಇಲ್ಲಿ ಅರವತ್ತೆರಡು. ಅದಕ್ಕಿಂತ ತಗ್ಗಿನ ದನಿ ಸೊರಗಿ ಹೋಗುತ್ತೆ."

"ಕಾಯಿಲ್ ತೂಕ ಜಾಸ್ತಿಯಾಗಿರುತ್ತೆ," ಎಂದ ಅಣ್ಣ.

"ತೂಕ ಜಾಸ್ತಿಯಾದ್ರೆ ನಂಬರ್ ಇಳಿಯುತ್ತೆ, ಏರಲ್ಲ. ಅಷ್ಟೂ ಗೊತ್ತಿಲ್ವಾ?"

ಹತ್ತು ಗ್ರಾಂ ಜೇಡಿಮಣ್ಣನ್ನು ತೂಗಿ ಕೋನಿನ ನಡುವೆ ಸುತ್ತಲೂ ಒತ್ತಿದಳು. ಮತ್ತೆ ಓಡಿಸಿದಳು. ತುದಿ ಐವತ್ತೆರಡಕ್ಕೆ ಇಳಿಯಿತು. ಎರಡು ಗೆರೆಗಳನ್ನೂ ಇಟ್ಟುಕೊಂಡು ಸಾಫ್ಟ್‌ವೇರ್ ಲೆಕ್ಕ ಹಾಕಿತು. ಕುಣಿಯುವ ಭಾಗದ ತೂಕ ಹೆಚ್ಚುಕಡಿಮೆ ಇಪ್ಪತ್ನಾಲ್ಕು ಗ್ರಾಂ. ಲೇಬಲ್‌ನಲ್ಲಿದ್ದದ್ದೂ ಅದೇ.

"ಕಾಯಿಲ್ ಸರಿ ಇದೆ. ಕೋನ್ ಸರಿ ಇದೆ. ಬಿಗಿ ಮಾತ್ರ ಎರಡರಷ್ಟು." ಸ್ಪೀಕರನ್ನು ತಿರುಗಿಸಿ, ಕೋನಿನ ಹಿಂದೆ ಕಾಯಿಲನ್ನು ನಟ್ಟನಡುವೆ ಹಿಡಿದು ನಿಲ್ಲಿಸುವ ಸುಕ್ಕುಬಟ್ಟೆಯ ಬಿಲ್ಲೆಯನ್ನು ತೋರಿಸಿದಳು. "ಈ ಸ್ಪೈಡರ್. ನಾಲ್ಕು ತಿಂಗಳ ಹಿಂದೆ ಅಣ್ಣ ಬೇರೆ ಕಡೆಯಿಂದ ಅಗ್ಗದ್ದು ತರಿಸಿದ. ಲೇಬಲ್ ಮಾತ್ರ ಹಳೇದೇ."

"ಹೊಸದ್ರಲ್ಲಿ ಬಿಗಿ ಇರುತ್ತೆ, ಆಮೇಲೆ ಸಡಿಲ ಆಗುತ್ತೆ!"

"ಒಂದು ತಿಂಗಳು ಹಾಡಿದೆ ಅಂದ್ರಲ್ಲ. ಇನ್ಯಾವಾಗ ಸಡಿಲ ಆಗೋದು? ನಿನ್ನ ಮೊಮ್ಮಕ್ಕಳ ಮದುವೆಗಾ?"

ಮೇಸ್ತ್ರಿ ಅಣ್ಣನ ಮುಖ ನೋಡಿದರು, ಆಮೇಲೆ ಅವಳ ಮುಖ. "ನಿಮಗೆ ಗೊತ್ತಿತ್ತೇನಮ್ಮಾ?"

ಆ ಸ್ಪೈಡರ್ ಬಂದ ದಿನವೇ ಅವಳು ಅಳತೆ ಮಾಡಿ ಅಣ್ಣನಿಗೆ ಚೀಟಿ ಬರೆದುಕೊಟ್ಟಿದ್ದಳು. "ಕಂಪ್ಯೂಟರ್ ಪುರಾಣ ಬೇಡ, ಯಾರಿಗ್ ಗೊತ್ತಾಗುತ್ತೆ" ಎಂದಿದ್ದ. ಅವಳು ಸುಮ್ಮನಾಗಿದ್ದಳು. ಈಗ ಅಣ್ಣನ ಮೇಲಿನ ಉರಿಗಿಂತ ಆ ಸುಮ್ಮನಿದ್ದ ನಾಲ್ಕು ತಿಂಗಳೇ ಹೆಚ್ಚು ಸುಡುತ್ತಿದ್ದವು.

"ಗೊತ್ತಿತ್ತು. ಬಾಯಿ ಮುಚ್ಕೊಂಡಿದ್ದೆ. ಅದು ನನ್ನ ತಪ್ಪು. ಹಳೇ ಸ್ಪೈಡರ್ ತರಿಸಿ ಹನ್ನೆರಡನ್ನೂ ನಾನೇ ಮತ್ತೆ ಕಟ್ಟಿಕೊಡ್ತೀನಿ."

ಮೇಸ್ತ್ರಿ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು. "ನೀವೇ ಅಳತೆ ಮಾಡಿ, ನಿಮ್ಮ ಸಹಿ ಹಾಕಿ ಕೊಡಿ," ಎಂದು ಹೊರಟರು. ಅಣ್ಣನಿಗೆ ಹೋಗಿಬರುತ್ತೇನೆ ಎನ್ನಲಿಲ್ಲ.

ಅವರ ಗಾಡಿಯ ಸದ್ದು ಅಡಗುವವರೆಗೆ ಕಾದು ಅಣ್ಣ ಅಂದ: "ಒಳಗ್ ಕರೆದು ಹೇಳಬಹುದಿತ್ತು. ಹೊರಗಿನವರ ಮುಂದೆ ಮಾನ ಕಳೆದೆ."

"ನನ್ನ ಕೈ ವಿಷಯ ನೀನು ಒಳಗ್ ಕರೆದು ಹೇಳಿದ್ಯಾ?"

ಅಳುವುದಾದರೆ ಈಗಲೇ ಅತ್ತುಬಿಡಬೇಕಿತ್ತು. ಅವಳಿಗೆ ಅಳು ಬರಲಿಲ್ಲ. ಕಪಾಟಿನಲ್ಲಿದ್ದ, ಇನ್ನೂ ಮಾರದ ಸ್ಪೀಕರುಗಳನ್ನು ಒಂದೊಂದಾಗಿ ಇಳಿಸಿ ಮೇಜಿನ ಮೇಲೆ ಸಾಲಾಗಿಟ್ಟಳು. ಖಾಲಿ ಪುಸ್ತಕವೊಂದನ್ನು ಅಣ್ಣನ ಕಡೆ ತಳ್ಳಿದಳು.

"ಬರ್ಕೋ. ಒಂದೊಂದರ ನಿಜವಾದ ನಂಬರ್."

ಅಣ್ಣ ನಿಂತೇ ಇದ್ದ. ಆಮೇಲೆ ಮೇಸ್ತ್ರಿ ಕೂರದೆ ಬಿಟ್ಟಿದ್ದ ಕುರ್ಚಿ ಎಳೆದುಕೊಂಡು ಕೂತ. ಪೆನ್ನಿನ ಮುಚ್ಚಳ ತೆಗೆದ.

ಅವಳು ಕ್ಲಿಪ್ ಹಾಕಿದಳು. ಸ್ವರ ತಗ್ಗಿನಿಂದ ಎದ್ದು, ಕೋಣೆ ತುಂಬಿ, ಕೊನೆಗೆ ಕಿವಿಗೆ ಸಿಗದಷ್ಟು ಸಣ್ಣದಾಗಿ ನಿಂತುಹೋಯಿತು. ಪರದೆಯ ಮೇಲೆ ಅಂಕಿ ಬಂದಿತ್ತು. ಅಣ್ಣ ಪೆನ್ನನ್ನು ಹಾಳೆಗೆ ಮುಟ್ಟಿಸಿ, ತಲೆಯೆತ್ತದೆ, ಅವಳು ಹೇಳುವುದನ್ನು ಕಾಯುತ್ತಿದ್ದ. ಪೆನ್ನು ಮುಟ್ಟಿದ್ದ ಕಡೆ ಶಾಯಿ ಚುಕ್ಕಿಯಾಗಿ ನಿಧಾನಕ್ಕೆ ಹರಡುತ್ತಿತ್ತು.